ನಾಲ್ಕು ಟಯರು, ಅರ್ಧ ಗಂಟೆ

ಆಯುಧಪೂಜೆಯ ದಿನ ನಮ್ಮ ಅಮ್ಮನ ಮನೆಯಲ್ಲಿ ಅನ್ನ ಹಾಕುವ ವಸ್ತುಗಳೆಲ್ಲ ನಡುಮನೆಗೆ ಬರಬೇಕು. ಮಗ್ಗ ಹೋಗಿ ಎಷ್ಟೋ ಕಾಲವಾಗಿದ್ದರೂ ತಾತನ ಲಾಳಿ ಇನ್ನೂ ಮೊದಲ ಸಾಲಿನಲ್ಲೇ ಕೂರುತ್ತದೆ. ಅದರ ಪಕ್ಕ ನನ್ನ ಕತ್ತರಿ, ಆಮೇಲೆ ತಮ್ಮನ ಸ್ಪ್ಯಾನರುಗಳು. ಆ ವರ್ಷ ಅವುಗಳ ಹಿಂದೆ, ಗೋಡೆಗೆ ಒರಗಿಸಿದಂತೆ, ನಾಲ್ಕು ಹೊಸ ರೇಸ್ ಟಯರುಗಳೂ ಇದ್ದವು.

ಟಯರುಗಳನ್ನು ತಮ್ಮ ಮನಸ್ಸಿಲ್ಲದೆಯೇ ತಂದಿದ್ದ. ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ಅಮ್ಮನ ಮನೆಯ ಮುಂದಿನ ಶೆಡ್ಡೇ ಅವನ ವರ್ಕ್‌ಶಾಪು. ವಾರವೆಲ್ಲ ಊರವರ ಕಾರುಗಳ ಕ್ಲಚ್ಚು, ಬ್ರೇಕು ನೋಡುತ್ತಾನೆ. ಉಳಿದ ಹೊತ್ತಿನಲ್ಲಿ ತನ್ನ ಒಂಟಿ ಸೀಟಿನ ರೇಸ್ ಕಾರಿನ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ಅದನ್ನು ಊರಿನ ದಕ್ಷಿಣಕ್ಕಿರುವ ಟ್ರ್ಯಾಕಿಗೆ ಒಯ್ದು ಓಡಿಸುತ್ತಿದ್ದ. ನಲವತ್ತರ ಹತ್ತಿರ ಬಂದಿದ್ದ. ಅದೇ ಕೊನೆಯ ವರ್ಷ, ಆಮೇಲೆ ಬಿಟ್ಟುಬಿಡುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ. ಆ ಕೊನೆಯ ವರ್ಷದಲ್ಲಿಯೇ, ಹಿಂದೆಂದೂ ಇಲ್ಲದ ಹಾಗೆ, ಕಡೆಯ ಸ್ಪರ್ಧೆಗೆ ಬರುವಾಗ ಪಾಯಿಂಟ್ ಪಟ್ಟಿಯಲ್ಲಿ ಅವನೇ ಮೇಲಿದ್ದ.

ಪೂಜೆಯ ದಿನ, ಶುಕ್ರವಾರ ಮಧ್ಯಾಹ್ನ, ಕಾರನ್ನು ಟ್ರ್ಯಾಕಿನಲ್ಲೇ ಬಿಟ್ಟು, ಟಯರಿಗೆ ಅಧಿಕಾರಿಗಳ ಗುರುತು ಹಾಕಿಸಿಕೊಂಡು ಬಂದಿದ್ದ. ಅಮ್ಮ ಬಾಗಿಲಲ್ಲೇ ತಡೆದಳು. ಅಕ್ಕರೆ ಬಂದರೆ ಅವಳು ನಮ್ಮನ್ನು ಕರೆಯುವುದು ತಮಿಳರ ಹಾಗೆ 'ಕಣ್ಣು' ಎಂದು.

"ವಂಡಿ ಅಲ್ಲೇ ಬುಟ್ಟು ಬಂದ್ಯಾ? ಸರಿ, ಅದು ದೊಡ್ಡುದು. ಚಕ್ರಾನಾದ್ರೂ ಒಳಗೆ ತತ್ತಾ ಕಣ್ಣು. ಪೂಜೆ ಇಲ್ದೆ ಅದ್ರ ಮೇಲೆ ಕೂತ್ಕಂಡು ಹೋಯ್ತಿಯಾ?"

"ಅಮ್ಮಾ, ಅದುಕ್ಕೆ ಏನೂ ಹಚ್ಚಬಾರ್ದು. ರೂಲ್ಸು."

"ಸಾಮಿ ಕುಂಕುಮಕ್ಕೆ ಯಾವ ರೂಲ್ಸ್‌ರಾ?"

ಅವನು ನನ್ನ ಕಡೆ ನೋಡಿದ. ನಾನು ನಕ್ಕೆ. ಅಲ್ಲಿಗೆ ಮುಗಿಯಿತು, ಟಯರು ನಡುಮನೆಗೆ ಬಂದವು.

ನನಗೂ ಆ ರೂಲ್ಸು ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿದ್ದರೆ ಇದನ್ನು ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಮದುವೆಯಾಗಿ ತಿರುಪ್ಪೂರಿನ ಹತ್ತಿರದ ಅವಿನಾಶಿ ಊರಿಗೆ ಬಂದ ಮೇಲೆ ನಾನು ಹಿಡಿದದ್ದು ಚೆಕಿಂಗ್ ಕೆಲಸ. ತಿರುಪ್ಪೂರಿನ ಕಂಪನಿಗಳಲ್ಲಿ ಹೊಲಿದ ಬನಿಯನ್ನು, ಟೀ ಶರ್ಟು ನಮ್ಮ ಶೆಡ್ಡಿಗೆ ಬರುತ್ತವೆ. ಎಂಟು ಹೆಂಗಸರು ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತು, ಬಿಟ್ಟ ಹೊಲಿಗೆ, ಎಣ್ಣೆ ಕಲೆ ಹುಡುಕುತ್ತೇವೆ. ಯಾವ ಗಂಟು ಯಾವ ಬಣ್ಣದ ತೊಟ್ಟಿಯಿಂದ ಬಂತು, ಎಷ್ಟು ಪೀಸು, ಯಾವತ್ತು ಹೋಯಿತು ಎಲ್ಲವನ್ನೂ ನಾನೇ ಬರೆದಿಡುವುದು. ಕನ್ನಡ ಅಕ್ಷರ ಕಲಿತದ್ದು ಕೊಳ್ಳೇಗಾಲದ ಕಡೆಯವರಾದ ನನ್ನ ಯಜಮಾನರಿಂದ. ಅಮ್ಮನ ಮನೆಯಲ್ಲಿ ಕನ್ನಡ ಬಾಯಲ್ಲಿ ಮಾತ್ರ, ಓದು ಬರಹ ತಮಿಳಿನಲ್ಲಿ.

ನನ್ನ ಆ ಬರೆದಿಡುವ ಬುದ್ಧಿ ನೋಡಿ ತಮ್ಮ ತನ್ನ ಟಯರಿನ ನೋಟ್‌ಬುಕ್ಕನ್ನೂ ನನಗೆ ಒಪ್ಪಿಸಿದ್ದ. ರೇಸಿನ ವಾರ ರಜೆ ಹಾಕಿ ಬಂದು ನಾನು ಟ್ರ್ಯಾಕಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಯಾವ ಟಯರು ಎಷ್ಟು ಸುತ್ತು ಓಡಿತು, ತಣ್ಣಗಿದ್ದಾಗ ಗಾಳಿ ಎಷ್ಟು, ಬಿಸಿಯಾದಾಗ ಎಷ್ಟು, ಒಳ ಅಂಚು ಸವೆಯಿತೋ ಹೊರ ಅಂಚೋ, ಎಲ್ಲ ಬರೆಯುವುದು. ಟೀವಿಯಲ್ಲಿ ಬರುವ ದೊಡ್ಡ ರೇಸಿನಲ್ಲಿ ಮೆತ್ತನೆ ರಬ್ಬರಿಗೆ ಕೆಂಪು ಪಟ್ಟಿ, ನಡುವಿನದಕ್ಕೆ ಹಳದಿ, ಗಟ್ಟಿಯದಕ್ಕೆ ಬಿಳಿ. ಮೆತ್ತನೆಯದು ರಸ್ತೆಗೆ ಅಂಟಿಕೊಂಡು ಜೋರಾಗಿ ಓಡುತ್ತದೆ, ಬೇಗ ಸಾಯುತ್ತದೆ. ಗಟ್ಟಿಯದು ನಿಧಾನ, ಬಾಳಿಕೆ ಹೆಚ್ಚು. ಮಳೆ ಇಲ್ಲದ ದಿನ ಅಲ್ಲಿ ಒಂದೇ ರೇಸಿನಲ್ಲಿ ಎರಡು ಬಗೆಯಾದರೂ ಹಾಕಲೇಬೇಕು. ನಮ್ಮ ತಮ್ಮನ ರೇಸಿನಲ್ಲಿ ಆ ತಲೆನೋವಿಲ್ಲ. ಎಲ್ಲರಿಗೂ ಒಂದೇ ಕಂಪನಿ, ಒಂದೇ ರಬ್ಬರು. ಒಣ ರಸ್ತೆಗೆ ಒಂದು ಸ್ಪರ್ಧೆಗೆ ನಾಲ್ಕೇ ಟಯರು. ಅಧಿಕಾರಿಗಳು ಅವಕ್ಕೆ ನಂಬರು ಬರೆದು ಬಣ್ಣದ ಗುರುತು ಹಾಕುತ್ತಾರೆ, ಗುರುತಿಲ್ಲದ್ದು ಹಾಕಿದರೆ ಹೊರಗೆ. ಬಿಸಿ ಮಾಡುವ ಹಾಗಿಲ್ಲ, ರಬ್ಬರಿಗೆ ಏನನ್ನೂ ಹಚ್ಚುವ ಹಾಗಿಲ್ಲ. ಕೆಲವು ದ್ರಾವಣ ಹಚ್ಚಿದರೆ ಗಟ್ಟಿ ರಬ್ಬರು ಮೆತ್ತಗಾಗುತ್ತದೆ. ಹಾಗೆ ಕದ್ದು ಮೆತ್ತಗೆ ಮಾಡಿದವರಿದ್ದರಂತೆ, ಆದ್ದರಿಂದಲೇ ಆ ರೂಲು.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವನು ತಮ್ಮನಲ್ಲ, ನಾವು ಅಣ್ಣ ಎಂದು ಕರೆಯುತ್ತಿದ್ದ ಮೆಕ್ಯಾನಿಕ್. ಸಿಂಗಾನಲ್ಲೂರಿನ ಮಿಲ್ ಕೆಲಸಗಾರರ ಲೈನಿನಲ್ಲಿ ಬೆಳೆದ ನಮ್ಮ ಕನ್ನಡದ ಜನವೇ. ತಮ್ಮನಿಗಿಂತ ಹದಿನೈದು ವರ್ಷ ದೊಡ್ಡವನು. ಹನ್ನೆರಡು ವರ್ಷ ಅವನ ಕಾರಿಗೆ ಕೈಯಾಗಿದ್ದವನು. ಟಯರಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿ, "ಇನ್ನೂ ಆರು ಸುತ್ತು ಜೀವ ಅದೆ, ಬರ್ಕೋ ಅಮ್ಮಣಿ" ಅನ್ನುತ್ತಿದ್ದ. ಆರಕ್ಕೆ ಸರಿಯಾಗಿ ಅದು ಜಾರತೊಡಗುತ್ತಿತ್ತು. ಕೊಂಗು ನಾಡಿನಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಅಮ್ಮಣಿ ಅನ್ನುತ್ತಾರೆ. ನನಗೆ ನಲವತ್ತೆಂಟಾಗಿದ್ದರೂ ಅವನ ಪಾಲಿಗೆ ಅಮ್ಮಣಿಯೇ.

ಟ್ರ್ಯಾಕಿನಲ್ಲಿ ಎಲ್ಲರ ಮಾತೂ ತಮಿಳು, ಇಲ್ಲವೇ ಇಂಗ್ಲಿಷು. ನಾವು ಮೂವರು ಮಾತ್ರ ಕನ್ನಡ ಆಡಿಕೊಳ್ಳುತ್ತಿದ್ದೆವು. ಪಕ್ಕದ ಟೀಮಿನವರ ಎದುರಿಗೇ ನಿಂತು "ಮುಂದಿನ ಎಡಗಡೆದು ಸತ್ತೋಯ್ತು, ಮೊಕದಲ್ಲಿ ತೋರಿಸ್ಬ್ಯಾಡ" ಎಂದು ಅಣ್ಣ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗಿನವರು ಕೇಳಬಾರದ ಮಾತೆಲ್ಲ ನಮ್ಮಲ್ಲಿ ಕನ್ನಡದಲ್ಲಿಯೇ.

ಶನಿವಾರ ಬೆಳಿಗ್ಗೆ ಆರು ಗಂಟೆ. ತಮ್ಮ ಮುಂಚೆಯೇ ಟ್ರ್ಯಾಕಿಗೆ, ಕಾರಿನ ಬಳಿಗೆ ಹೋಗಿಬಿಟ್ಟಿದ್ದ. ಟಯರುಗಳನ್ನು ಒಯ್ಯಲು ಅಣ್ಣ ವ್ಯಾನು ತರುವವನಿದ್ದ. ನಾನು ನಡುಮನೆಯಲ್ಲಿ ಕೂತು ಟೀಮಿಗೆಂದು ಹೊಲಿಸಿ ತಂದಿದ್ದ ಹೊಸ ಟೀ ಶರ್ಟುಗಳನ್ನು ನೋಡುತ್ತಿದ್ದೆ. ಎರಡರಲ್ಲಿ ಮೆಷಿನ್ ಎಣ್ಣೆಯ ಕಲೆ. ಇರಬಹುದೆಂದೇ ನಮ್ಮ ಶೆಡ್ಡಿನ ಕಲೆ ತೆಗೆಯುವ ಸ್ಪ್ರೇ ಬ್ಯಾಗಿನಲ್ಲಿ ತಂದಿದ್ದೆ. ತಿರುಪ್ಪೂರಿನ ಕಡೆ ಅದಿಲ್ಲದ ಚೆಕಿಂಗ್ ಶೆಡ್ಡೇ ಇಲ್ಲ. ಬಟ್ಟೆಯ ಮೇಲೆ ಜೋರಾಗಿ ಹೊಡೆದರೆ ಎಣ್ಣೆ ಕರಗಿ ಹೋಗಿ, ನಿಮಿಷದಲ್ಲಿ ಒಣಗಿ, ಕಲೆ ಇದ್ದದ್ದೇ ಸುಳ್ಳೆನ್ನುವಂತಾಗುತ್ತದೆ. ಮೂಗಿಗೆ ಮಾತ್ರ ಘಾಟು.

ಶರ್ಟು ಮುಗಿಸಿ ತಲೆ ಎತ್ತಿದರೆ ಎದುರಿಗೆ ಟಯರು. ಅಮ್ಮ ಬದಿಗೆ ಮಾತ್ರವಲ್ಲ, ರಸ್ತೆಗೆ ತಾಗುವ ಮೈಗೂ ಗಂಧ ಬಳಿದು, ಮಧ್ಯೆ ರೂಪಾಯಿ ಅಗಲ ಕುಂಕುಮ ಇಟ್ಟಿದ್ದಳು. ಏನೂ ಹಚ್ಚಬಾರದು ಎಂದು ತಮ್ಮ ಹೇಳಿದ್ದು ನೆನಪಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಂಧ ಹೋಯಿತು. ಅಮ್ಮ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದಳು, ಅದು ಕರಿ ರಬ್ಬರಿನ ಮೇಲೆ ಕೆಂಪಗೆ ಹಾಗೇ ಉಳಿಯಿತು.

ಮೂವತ್ತು ವರ್ಷ ಕಲೆ ಹುಡುಕಿದ ಕಣ್ಣು. ಕಲೆ ಕಂಡ ಮೇಲೆ ಕೈ ನನ್ನನ್ನು ಕೇಳುವುದಿಲ್ಲ. ಸ್ಪ್ರೇ ಕೈಯಲ್ಲೇ ಇತ್ತು. ಹೊಡೆದೆ, ಒರೆಸಿದೆ. ಒಂದು ಕಡೆ ಮಾತ್ರ ಶುಭ್ರವಾಗಿ, ಉಳಿದದ್ದು ಮಸುಕುಮಸುಕಾಗಿ ಕಂಡಿತು. ಅದಕ್ಕೆ ಸುತ್ತಲೂ ಹೊಡೆದೆ. ನಾಲ್ಕನ್ನೂ ಮುಗಿಸಿದಾಗ ಹೊಸದಾಗಿ ಅಚ್ಚಿನಿಂದ ತೆಗೆದ ಹಾಗೆ ಕಂಡವು. ನನಗೆ ಹೆಮ್ಮೆಯೇ ಆಗಿತ್ತು.

ಅಣ್ಣ ಒಳಗೆ ಬಂದವನು ಮೂಗು ಅರಳಿಸಿದ.

"ಏನಮ್ಮಣಿ ಇದು ವಾಸನೆ?"

"ಶರ್ಟಲ್ಲಿ ಕಲೆ ಇತ್ತಣ್ಣ, ತೆಗೆದೆ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅರ್ಧ ಮಾತ್ರ ಹೇಳಿದೆ. ಟಯರಿನ ಮಾತು ಯಾಕೆ ಬಿಟ್ಟೆ? ಅಮ್ಮ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದಳು, ಸಾಮಿ ಕುಂಕುಮ ಅಳಿಸಿದೆ ಎಂದು ಬೆಳಗಾಗುತ್ತಲೇ ಜಗಳ ಬೇಡ ಅನ್ನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಟ್ರ್ಯಾಕಿನಲ್ಲಿ ಕಾರು ಸಾಲಿನಲ್ಲಿ ನಿಂತು, ರೇಸಿನಲ್ಲಿ ಯಾರು ಮುಂದೆ ನಿಲ್ಲಬೇಕೆಂದು ಗೊತ್ತುಮಾಡುವ ಕ್ವಾಲಿಫೈಯಿಂಗಿಗೆ ಹೊರಡಬೇಕು. ಅಷ್ಟರಲ್ಲಿ ಟಯರಿನ ಅಧಿಕಾರಿ ಸಾಲಿನುದ್ದಕ್ಕೂ ಬಂದ. ಅರವತ್ತು ದಾಟಿದ ಸಾಧು ಮನುಷ್ಯ, ಸದಾ ಕುತ್ತಿಗೆಯಲ್ಲಿ ಟವೆಲು. ಕೈಯಲ್ಲಿ ಟಾರ್ಚಿನ ಗಾತ್ರದ ಒಂದು ಯಂತ್ರ, ರಬ್ಬರಿನ ಹತ್ತಿರ ಹಿಡಿದರೆ ದ್ರಾವಣದ ಆವಿಯನ್ನು ಮೂಸಿ ಹೇಳುವಂಥದ್ದು. ನಮ್ಮ ಮುಂದಿನ ಕಾರಿಗೆ ಹಿಡಿದ, ಸುಮ್ಮನಿತ್ತು. ನಮ್ಮದಕ್ಕೆ ಹಿಡಿದ, ಕೂಗಿತು. ಎರಡನೆಯ ಟಯರು, ಮೂರನೆಯದು, ನಾಲ್ಕನೆಯದು. ನಾಲ್ಕಕ್ಕೂ ಕೂಗಿತು.

ನನಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಹೊಳೆಯಿತು, ಸಂಜೆ ಯೋಚಿಸಿದಾಗ ತಿಳಿಯಿತು ಎಂದೆಲ್ಲ ನನಗೇ ಹೇಳಿಕೊಂಡು ನೋಡಿದ್ದೇನೆ. ಅದು ನಿಜವಲ್ಲ.

ಕಾರನ್ನು ಸಾಲಿನಿಂದ ತಳ್ಳಿ ಹೊರಗೆ ತಂದರು. ಟಯರು ಬಿಚ್ಚಿಕೊಂಡು ಹೋದರು. ಬೇರೆ ಗುರುತಿನ ಟಯರಿಲ್ಲ, ಅಂದರೆ ಶನಿವಾರದ ಕ್ವಾಲಿಫೈಯಿಂಗೂ ಇಲ್ಲ, ಭಾನುವಾರದ ರೇಸೂ ಇಲ್ಲ, ಪಟ್ಟಿಯ ಮೇಲಿನ ಜಾಗವೂ ಹೋಯಿತು. ತಮ್ಮ ಹೆಲ್ಮೆಟ್ಟು ಕಳಚಿದ. ಅದರೊಳಗೆ ಹಾಕುವ ಬಲಾಕ್ಲಾವಾ ಮುಸುಕು ಇನ್ನೂ ತಲೆಯ ಮೇಲೇ ಇತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಸುತ್ತ ಮೂರು ಟೀಮಿನ ಜನ. ಅವನು ಅಣ್ಣನ ಕಡೆ ತಿರುಗಿ ಕೇಳಿದ:

"ಟಯರ್‌ಲೆ ಎನ್ನಣ್ಣಾ ತಡವಿನೀಂಗ?"

ಟಯರಿಗೆ ಏನು ಸವರಿದಿರಿ ಎಂದು. ಸವರಿದಿರಾ ಎಂದಲ್ಲ, ಏನು ಸವರಿದಿರಿ ಎಂದು. ಅದೂ ತಮಿಳಿನಲ್ಲಿ. ಹನ್ನೆರಡು ವರ್ಷದಲ್ಲಿ ಅವನು ಅಣ್ಣನೊಡನೆ ತಮಿಳು ಆಡಿದ್ದನ್ನು ನಾನು ಕೇಳಿರಲಿಲ್ಲ. ತಾನು ಈ ಮೋಸಕ್ಕೆ ಸೇರಿದವನಲ್ಲ ಎಂದು ಆ ಮೂರು ಟೀಮಿನವರಿಗೆ ಕೇಳಲಿ ಎಂದು ಆಡಿದ ಮಾತು ಅದು.

ಅಣ್ಣ ತಿರುಗಿ ನನ್ನ ಕಡೆ ನೋಡಿದ. ಬೆಳಗಿನ ವಾಸನೆ ಅವನ ಮೂಗಿನಲ್ಲಿ ಇನ್ನೂ ಇದ್ದಿರಬೇಕು. ನೋಡುತ್ತಲೇ ನಿಂತ. ನಾನು ನೋಟ್‌ಬುಕ್ಕು ತೆಗೆದು, ಬರೆಯುವುದೇನೂ ಇಲ್ಲದ ಪುಟದಲ್ಲಿ ದಿನಾಂಕ ಬರೆದೆ.

ಸ್ವಲ್ಪ ಹೊತ್ತಿಗೆ ಬೋರ್ಡಿಗೆ ಹಾಳೆ ಅಂಟಿಸಿದರು. ಟಯರಿಗೆ ರಾಸಾಯನಿಕ ಹಚ್ಚಿದ್ದರಿಂದ ಈ ಸ್ಪರ್ಧೆಯಿಂದ ಹೊರಗೆ. ಟಯರಿನ ಹೊಣೆ ಎಂಬಲ್ಲಿ ಅಣ್ಣನ ಹೆಸರು. ಅಧಿಕಾರಿ ನಮ್ಮ ಬಳಿಗೆ ಬಂದು ತಮಿಳಿನಲ್ಲಿ ಮೆತ್ತಗೆ ಹೇಳಿದ: ಹಾಳೆ ಹಾಕಿದ ಮೇಲೆ ಅರ್ಧ ಗಂಟೆ ಟೈಮ್ ಇದೆ, ಏನಾದರೂ ಹೇಳುವುದಿದ್ದರೆ ಬರೆದು ಕೊಡಿ. ತೀರ್ಪು ಬದಲಾಗುವುದಿಲ್ಲ, ಹಚ್ಚಿದವರು ಯಾರೇ ಆಗಲಿ ಟಯರು ಟಯರೇ. ಆದರೆ ಹೇಗಾಯಿತು ಎಂಬುದು ಅದೇ ಹಾಳೆಯ ಕೆಳಗೆ ಸೇರುತ್ತದೆ.

ಪೆನ್ನು ನನ್ನ ಕೈಯಲ್ಲಿತ್ತು. ಅರ್ಧ ಗಂಟೆ ಸಣ್ಣದಲ್ಲ. ನಮ್ಮ ಶೆಡ್ಡಿನಲ್ಲಿ ಅಷ್ಟು ಹೊತ್ತಿಗೆ ನಾನೊಬ್ಬಳೇ ಅರವತ್ತು ಪೀಸು ನೋಡುತ್ತೇನೆ. ಅವತ್ತು ನಾನು ಮಾಡಿದ್ದನ್ನು ಒಂದೊಂದಾಗಿ ಹೇಳಬಲ್ಲೆ. ಫ್ಲಾಸ್ಕಿನಿಂದ ತಮ್ಮನಿಗೆ ಟೀ ಬಗ್ಗಿಸಿದೆ, ಅವನು ಮುಟ್ಟಲಿಲ್ಲ. ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿದೆ. ಹೊಸ ಶರ್ಟುಗಳನ್ನು ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದೆ. ಅಣ್ಣ ಹತ್ತು ಹೆಜ್ಜೆ ದೂರದಲ್ಲಿ ಜಾಕನ್ನು ಒರೆಸುತ್ತಿದ್ದ. ಎರಡು ಸಲ ಎದ್ದೆ. ಎರಡನೆಯ ಸಲ ಅವನ ತನಕ ಹೋಗಿ, "ಅಣ್ಣ, ಟೀ ಬೇಕಾ?" ಎಂದೆ.

"ಬ್ಯಾಡ ಅಮ್ಮಣಿ," ಎಂದ. ಆಮೇಲೆ, "ಇನ್ನೇನಾದ್ರೂ ಇತ್ತಾ?" ಎಂದ.

"ಇಲ್ಲಣ್ಣ."

ಯಾಕೆ ಹೇಳಲಿಲ್ಲ? ತಮ್ಮನ ಹೆದರಿಕೆ ಒಂದು. ಕೊನೆಯ ವರ್ಷ, ಕೊನೆಯ ರೇಸು, ಅಕ್ಕನೇ ಕೆಡಿಸಿದಳು ಎಂದಾಗುತ್ತದಲ್ಲ. ಇನ್ನೊಂದು ಲೆಕ್ಕವೂ ಒಳಗೆ ನಡೆದಿತ್ತು, ಅದನ್ನು ಬರೆಯಲು ನಾಚಿಕೆ: ಅಣ್ಣ ಗಂಡಸು, ಹೊರಗಿನವನು, ತಡೆದುಕೊಳ್ಳುತ್ತಾನೆ, ನಾಲ್ಕು ದಿನದಲ್ಲಿ ಇಬ್ಬರೂ ಸರಿಹೋಗುತ್ತಾರೆ.

ಸರಿಹೋಗಲಿಲ್ಲ. ಸೋಮವಾರ ಅಣ್ಣ ವರ್ಕ್‌ಶಾಪಿಗೆ ಬಂದು, ತನ್ನ ಸ್ಪ್ಯಾನರುಗಳನ್ನು ಬೇರೆ ಮಾಡಿ ಚೀಲಕ್ಕೆ ಹಾಕಿಕೊಂಡು, ಅಮ್ಮನಿಗೆ ಹೇಳಿ ಹೋದನಂತೆ. ಅಮ್ಮ ಫೋನಿನಲ್ಲಿ ಹೇಳಿದಳು. "ಮೋಸ ಮಾಡೋವ್ನಂಗೆ ಕಾಣ್ಲಿಲ್ಲ ಕಣ್ಣು ಅವ್ನು. ದೀಪಾವಳಿಗೆ ಉಡಾಕೆ ಒಂದು ವೇಷ್ಟಿ ತೆಗ್ದಿಟ್ಟಿದ್ದೆ, ಅದುನ್ನೂ ತಕ್ಕಳ್ಳಿಲ್ಲ." ನಾನು ಹೂಂ ಅಂದೆ. ಶೆಡ್ಡಿನಲ್ಲಿ ನಿಂತಿದ್ದೆ. ನನ್ನ ಎದುರಿಗೆ ಒಬ್ಬಳು ಅದೇ ಸ್ಪ್ರೇ ಹೊಡೆಯುತ್ತಿದ್ದಳು.

ಮಾತು ತಡವಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ದೀಪಾವಳಿ ಕಳೆಯಲಿ ಎಂದುಕೊಂಡೆ. ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ ಕಳೆಯಲಿ ಎಂದುಕೊಂಡೆ. ತಮ್ಮ ರೇಸ್ ಕಾರಿಗೆ ಟಾರ್ಪಾಲು ಹೊದಿಸಿಬಿಟ್ಟಿದ್ದ. ಇನ್ನೊಂದು ವರ್ಷ ಓಡಿಸು ಎಂದು ಯಾರಾದರೂ ಅಂದರೆ, "ಯಾರ್ನ ನಂಬಿ?" ಅನ್ನುತ್ತಿದ್ದ. ಆ ಮಾತು ನನ್ನ ಎದುರಿಗೇ ನಾಲ್ಕು ಸಲ ಆಡಿದ್ದಾನೆ. ನಾಲ್ಕು ಸಲವೂ ನಾನು ಅಲ್ಲಿಂದ ಎದ್ದು ಅಡುಗೆಮನೆಗೆ ಹೋಗಿದ್ದೇನೆ.

ಪೊಂಗಲ್ ಹಬ್ಬಕ್ಕೆ ಅಮ್ಮನ ಮನೆಗೆ ಹೋದಾಗ, ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಮನೆಯ ಕಡೆ ತಿರುಗದೆ ನೇರ ನಡೆದೆ. ಅಣ್ಣ ಲಾರಿ ಟಯರುಗಳಿಗೆ ಹೊಸ ರಬ್ಬರು ಕೂರಿಸುವ ಒಂದು ಅಂಗಡಿಗೆ ಸೇರಿದ್ದ ಎಂದು ಕೇಳಿದ್ದೆ. ಸವೆದ ಟಯರನ್ನು ಉಜ್ಜುತ್ತ ಕೂತಿದ್ದ. ಮೈಯೆಲ್ಲ ಕರಿ ಪುಡಿ. ನನ್ನನ್ನು ಕಂಡು ಎದ್ದು, ಒಂದು ಸ್ಟೂಲಿನ ಮೇಲಿನ ಧೂಳು ಹೊಡೆದು ಕೊಟ್ಟ.

ನಾನು ಕೂರದೆಯೇ ಹೇಳಿಬಿಟ್ಟೆ. ಕುಂಕುಮ, ಒದ್ದೆ ಬಟ್ಟೆ, ಸ್ಪ್ರೇ ಎಲ್ಲ. ಅವನು ಪೂರ್ತಿ ಕೇಳಿದ.

"ತಮ್ಮುಂಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಮತ್ತೆ ನಂಗ್ಯಾಕೆ ಹೇಳ್ತಿಯ ಅಮ್ಮಣಿ? ನಾನು ಮಾಡ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಲ್ಲ."

"ನಾನೇ ಅಂತನೂ ಗೊತ್ತಿತ್ತಾ?"

"ವಾಸ್ನೆ ಬಂತು. ಕೇಳ್ದೆ. ನೀನು ಶರ್ಟು ಅಂದೆ. ಮನೆ ಹೆಣ್ಮಗಳು ಹೇಳ್ದುದ್ನ ಅಷ್ಟು ಜನ್ರ ಮುಂದೆ ಪೊಯ್ಯಿ ಅನ್ಲಾ ನಾನು?" ಪೊಯ್ಯಿ ಅಂದರೆ ಸುಳ್ಳು. ಅವನು ದನಿ ಎತ್ತಲಿಲ್ಲ. "ನೀನೇ ಹೇಳ್ತಿಯಾ ಅಂತ ಅರ್ಧ ಗಂಟೆ ನೋಡ್ದೆ. ಒರೆಸಿದ ಜಾಕ್ನೇ ಒರೆಸ್ಕಂಡು."

ಟೀ ತರಿಸಿದ. ಕುಡಿದೆ. ಅಮ್ಮನ ಕಣ್ಣು ಹೇಗಿದೆ ಎಂದು ವಿಚಾರಿಸಿದ. 

ಅವತ್ತೇ ಅಮ್ಮನೆದುರಿಗೇ ತಮ್ಮನಿಗೆ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಯನ್ನೇ ನೋಡಿಕೊಂಡ. "ರೇಸ್ ಹೋದ್ರೆ ಹೋಗ್ಲಿ ಅಕ್ಕ. ಅವ್ರುನ್ನ ಎಲ್ರ ಮುಂದೆ ಹಂಗೆ ಕೇಳ್ಬುಟ್ನಲ್ಲ," ಎಂದ. ಆಮೇಲೆ ಅಂಗಿ ಹಾಕಿಕೊಂಡು ಅಣ್ಣನ ಮನೆಗೆ ಹೊರಟ. ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು.

"ಬರ್ತಾರಂತಾ?" ಅಮ್ಮ ಕೇಳಿದಳು.

"ಬೇರೆ ಟೀಮಿಗೆ ಬರ್ತೀನಿ ಅಂತ ವಾಕ್ಕು ಕೊಟ್ಟಾಗಿದೆಯಂತೆ. ಕಾಫಿ ಕೊಟ್ರು. ನಾನು ಕ್ಷಮ್ಸಿ ಅಂದುದ್ಕೆ, 'ಎಲ್ರ ಮುಂದೆ ತಮಿಳಲ್ಲಿ ಕೇಳ್ದೆ, ಈಗ ಮನೆ ಒಳಗೆ ಕನ್ನಡದಲ್ಲಿ ಹೇಳ್ತಿಯಾ' ಅಂದ್ರು. ನಗ್ತಾನೇ ಅಂದ್ರು."

ಆ ಮಾತು ಅವನಿಗೆ ಹೇಳಿದ್ದಾದರೂ ನನಗೇ ತಾಗಿತು. ಎಲ್ಲರ ಮುಂದೆ ಹೇಳದೆ, ಅಂಗಡಿಯೊಳಗೆ ಕನ್ನಡದಲ್ಲಿ ಹೇಳಿ ಬಂದವಳು ನಾನೂ. ಹೊಸ ಸೀಸನ್ನಿನ ಮೊದಲ ಸ್ಪರ್ಧೆಗೆ ನನ್ನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋಗು ಎಂದು ತಮ್ಮನಿಗೆ ಹೇಳಿದೆ. ಅವನ ಕಾರು ಆ ಸಲ ರೇಸಿನಲ್ಲಿರಲಿಲ್ಲ, ಸ್ಕೂಟರಿನಲ್ಲಿ ಹೋದೆವು. ನಾನೇ ಹೇಳಬೇಕು, ನೀನು ಬರಬೇಡ ಎಂದು ಅವನನ್ನು ಗೇಟಿನ ಬಳಿ ನಿಲ್ಲಿಸಿದೆ.

ಟಯರಿಗೆ ಗುರುತು ಹಾಕುವ ಶೆಡ್ಡಿನಲ್ಲಿ ಸಾಲು ಇತ್ತು. ಅದೇ ಅಧಿಕಾರಿ, ಅದೇ ಟವೆಲು. ಸಾಲಿನಲ್ಲಿ ಮೂರನೆಯವನಾಗಿ ಅಣ್ಣ, ಬೇರೆ ಬಣ್ಣದ ಶರ್ಟಿನಲ್ಲಿ, ಹೊಸ ಟಯರುಗಳ ಜೊತೆ ನಿಂತಿದ್ದ. ನನ್ನನ್ನು ನೋಡಿ, ತನ್ನ ಟಯರುಗಳನ್ನು ನೆಟ್ಟಗೆ ನಿಲ್ಲಿಸಿಕೊಂಡ.

ನಾನು ಮೇಜಿನ ಎದುರು ನಿಂತು, ತಮಿಳಿನಲ್ಲಿ, ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಹೋದ ವರ್ಷ ನಮ್ಮ ಕಾರಿನ ಟಯರಿಗೆ ದ್ರಾವಣ ಹೊಡೆದವಳು ನಾನು, ಕಲೆ ತೆಗೆಯಲು ಹೊಡೆದದ್ದು, ಮೆಕ್ಯಾನಿಕ್ಕಿಗೆ ಅದರಲ್ಲಿ ಏನೂ ಸಂಬಂಧವಿಲ್ಲ. ಮನೆಯಲ್ಲಿ ಎಷ್ಟೋ ಸಲ ಹೇಳಿ ನೋಡಿಕೊಂಡ ಮಾತು. 

ಅಧಿಕಾರಿ ಕನ್ನಡಕ ಏರಿಸಿದ. "ಯಾವ ಕಾರಮ್ಮಾ?" ಎಂದ. ಹೇಳಿದೆ. ಸ್ವಲ್ಪ ಯೋಚಿಸಿ, ಹೌದು ಹೌದು ಎಂದ. ಆ ವರ್ಷದ ಪುಸ್ತಕವೆಲ್ಲ ಚೆನ್ನೈ ಆಫೀಸಿಗೆ ಹೋಗಿಯಾಯಿತು, ಇನ್ನು ಅದರಲ್ಲಿ ಸೇರಿಸಲು ಜಾಗವಿಲ್ಲ ಎಂದ. "ಅವತ್ತೇ ಒಂದು ಚೀಟಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತಲ್ಲಮ್ಮಾ," ಎಂದು ಬೇಸರದಿಂದಲೇ ಅಂದ. ಸಾಲಿನ ಹಿಂದೆ ಯಾರೋ ಕಡಿಮೆ ವಯಸ್ಸಿನವನು, "ಬನಿಯನ್ ಸ್ಪ್ರೇಯಾ?" ಎಂದು ನಕ್ಕ. ಮಿಕ್ಕವರಲ್ಲಿ ಹೆಚ್ಚಿನವರು ಹೊಸಬರು, ನಾನು ಯಾರ ವಿಷಯ ಮಾತಾಡುತ್ತಿದ್ದೇನೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅವತ್ತು ತಮ್ಮನ ಮಾತು ಕೇಳಿಸಿಕೊಂಡಿದ್ದ ಆ ಮೂರು ಟೀಮಿನವರಲ್ಲಿ ಒಬ್ಬನೂ ಅಲ್ಲಿರಲಿಲ್ಲ.

ಸಾಲು ಮುಂದೆ ಸರಿಯಿತು. ಅಣ್ಣನ ಸರದಿ. ನಾನು ಇನ್ನೂ ಮೇಜಿನ ಹತ್ತಿರವೇ ನಿಂತಿದ್ದೆ. ಅವನು ಮೊದಲ ಟಯರನ್ನು ಅಂಗೈಯಲ್ಲಿ ಉರುಳಿಸುತ್ತ ಬಂದ.

"ಕಾಲು ಜೋಪಾನ ಅಮ್ಮಣಿ," ಎಂದ.

ನಾನು ಪಕ್ಕಕ್ಕೆ ಸರಿದೆ. ಅವನು ನಂಬರು ಬರೆಸಿಕೊಳ್ಳಲು ಬಾಗಿದ.

ಗೇಟಿನ ಬಳಿ ತಮ್ಮ ಸ್ಕೂಟರಿನ ಮೇಲೇ ಕೂತಿದ್ದ. "ಏನಂದ್ರು?" ಎಂದ.  "ಅಣ್ಣ 'ಕಾಲು ಜೋಪಾನ' ಅಂದ್ರು," ಎಂದೆ. ಅವನು ಇನ್ನೂ ಏನಾದರೂ ಇದೆಯೇ ಎಂದು ನನ್ನ ಮುಖ ನೋಡಿ, ಗಾಡಿ ಸ್ಟಾರ್ಟ್ ಮಾಡಿದ.